ಪದಚರ್ಚೆ: ‘ಫ್ಯಾಟಿ ಲಿವರ್’, ‘ಸಿರೋಸಿಸ್’ – ಆಸ್ಪತ್ರೆಯ ಫಲಕಕ್ಕೆ ಕನ್ನಡ ಬೇಕು, ಮಂಗಳವಾರ ಅಚ್ಚಿಗೆ

ವಿ.ಎಂ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಆಸ್ಪತ್ರೆಯೊಂದರ ಅಸಾಂಕ್ರಾಮಿಕ ರೋಗಗಳ ವಿಭಾಗಕ್ಕೆ ಒಂದು ಫಲಕ, ಒಂದು ಪುಟದ ಕರಪತ್ರ ಆಗಬೇಕು. ಇಂಗ್ಲಿಷ್ ಮೂಲದಲ್ಲಿ ಫ್ಯಾಟಿ ಲಿವರ್‌ಗೆ 2023ರ ಹೊಸ ಹೆಸರೇ ಇದೆ: ‘ಮೆಟಬಾಲಿಕ್ ಡಿಸ್‌ಫಂಕ್ಷನ್ ಅಸೋಸಿಯೇಟೆಡ್ ಸ್ಟಿಯಟಾಟಿಕ್ ಲಿವರ್ ಡಿಸೀಸ್’. ನನ್ನ ಕರಡು: ‘ಚಯಾಪಚಯ ದೋಷ ಸಂಬಂಧಿತ ಕೊಬ್ಬಿದ ಯಕೃತ್ತಿನ ಕಾಯಿಲೆ’. ಅದು ಬಲಿತಾಗ ಬರುವ ಸಿರೋಸಿಸ್‌ಗೆ ‘ಯಕೃತ್ತಿನ ಗಡಸುತನ’ ಎಂದು ಹಾಕಿದ್ದೇನೆ. ‘ಗ್ರೇಡ್’, ‘ಸ್ಟೇಜ್’ ಎರಡಕ್ಕೂ ‘ಹಂತ’ ಎಂದಿದ್ದೇನೆ. ತಿದ್ದಿ ಕೊಡಿ.

ಎಸ್.ಆರ್. ಬರೆದದ್ದು:

‘ಕೊಬ್ಬಿದ’ ಕೂಡದು. ಕೊಬ್ಬು ಧಾತುವಿನಿಂದ ಬಂದ ಕೃದಂತ ಅದು. ಕೊಬ್ಬಿದ ಗೂಳಿ, ಕೊಬ್ಬಿದ ಮನುಷ್ಯ ಎಂದ ಹಾಗೆ ಯಕೃತ್ತಿಗೆ ಸೊಕ್ಕು ಬಂದಂತಾಗುತ್ತದೆ. ಹಳಗನ್ನಡದ ‘ಕೊರ್ವು’ ಕೊಬ್ಬು ಆಗಿದೆ, ತಮಿಳಿನಲ್ಲಿ ‘ಕೊೞುಪ್ಪು’. ಅಲ್ಲಿಯೂ ಇದೇ ಎರಡು ಅರ್ಥ: ಮೇದಸ್ಸು ಮತ್ತು ಮದ. ಆದ್ದರಿಂದ ‘ಮೇದೋಯಕೃತ್’ ಎನ್ನಿ. ಸಿರೋಸಿಸ್‌ಗೆ ಆಯುರ್ವೇದದ ‘ಯಕೃದ್ದಾಲ್ಯುದರ’ ಸಿದ್ಧವಾಗಿಯೇ ಇದೆ.

ಬಿ.ಕೆ. ಬರೆದದ್ದು:

ಯಕೃದ್ದಾಲ್ಯುದರ! ಬೋರ್ಡು ಓದುವವರು ಯಾರು ಅಂತ ಕೇಳಿದಿರಾ? ಲಿವರ್‌ಗೆ ಕನ್ನಡದ್ದೇ ‘ಈಲಿ’ ಇದೆ, ತಮಿಳಿನ ‘ಈರಲ್’ ಅದರ ನೆಂಟ. ಕೊಬ್ಬಿಗೆ ‘ನೆಣ’ ಇದೆ, ಹಳ್ಳಿಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ‘ನೆಣದೀಲಿ’ – ಮುಗೀತು. ಸಿರೋಸಿಸ್‌ಗೆ ‘ಗಂಟೀಲಿ’. ಸಂಸ್ಕ್ರುತವನ್ನು ಹೊರಗಿಟ್ಟು ನೋಡಿ, ಅರ್ತ ತಾನೇ ತಿಳಿಯುತ್ತೆ.

ಡಾ. ಎನ್. ಬರೆದದ್ದು:

ಮೂರನ್ನೂ ಒಪ್ಪಲಾರೆ.

ಯಕೃದ್ದಾಲ್ಯುದರದಲ್ಲಿ ಯಕೃತ್ತು ದೊಡ್ಡದಾಗುವ ಮಾತಿದೆ. ಮುಂದುವರಿದ ಸಿರೋಸಿಸ್‌ನಲ್ಲಿ ಅದು ಹೆಚ್ಚಾಗಿ ಕುಗ್ಗಿರುತ್ತದೆ. ‘ಗಂಟೀಲಿ’ ಇನ್ನೂ ಅಪಾಯ: ರೋಗಿಗೆ ಗಂಟು ಎಂದರೆ ಗಡ್ಡೆ, ಗಡ್ಡೆ ಎಂದರೆ ಕ್ಯಾನ್ಸರ್. ‘ನೆಣ’ ಮಾಂಸಕ್ಕೆ ಹೊರಗಿನಿಂದ ಅಂಟಿರುವ ಬಿಳಿ ಕೊಬ್ಬು. ಇಲ್ಲಿ ಕೊಬ್ಬು ಹನಿಹನಿಯಾಗಿ ಜೀವಕೋಶದ ಒಳಗೆ ಸೇರುತ್ತದೆ. ನೂರರಲ್ಲಿ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಹೀಗಾದರೆ ಕಾಯಿಲೆ ಎನ್ನುತ್ತೇವೆ.

‘ಹಂತ’ದ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ಅಲ್ಟ್ರಾಸೌಂಡ್ ವರದಿಯ ಗ್ರೇಡ್ 1, 2, 3 ಎಂಬುದು ಕೊಬ್ಬು ಎಷ್ಟಿದೆ ಎಂಬುದರ ಅಂದಾಜು. ಸ್ಟೇಜ್ ಎಂಬುದು ಎಫ್0ರಿಂದ ಎಫ್4ರವರೆಗೆ, ಗಾಯದ ಕಲೆಯಂಥ ನಾರು (ಫೈಬ್ರೋಸಿಸ್) ಎಷ್ಟು ಕಟ್ಟಿದೆ ಎಂಬುದರ ಲೆಕ್ಕ. ಎಫ್4 ಎಂದರೆ ಸಿರೋಸಿಸ್. ಗ್ರೇಡ್ 3 ಇದ್ದವರಿಗೆ ನಾರು ಇಲ್ಲದೆ ಇರಬಹುದು, ಗ್ರೇಡ್ 1 ಇದ್ದವರು ಎಫ್3ರಲ್ಲಿರಬಹುದು. ಸಿರೋಸಿಸ್ ಬಲಿತ ಮೇಲೆ ಕೊಬ್ಬು ಕರಗಿಹೋಗುವುದೂ ಉಂಟು. ಆಗ ‘ಹಂತ 2ರಿಂದ 1ಕ್ಕೆ ಇಳಿಯಿತು’ ಎಂದು ಓದಿಕೊಂಡ ರೋಗಿ ಗುಣವಾಗುತ್ತಿದೆ ಎಂದೇ ನಂಬುತ್ತಾನೆ. ಹಿಂದೆ ‘ಕಾರಣ ತಿಳಿಯದ ಸಿರೋಸಿಸ್’ ಎಂದು ಬರೆದಿಟ್ಟವುಗಳಲ್ಲಿ ಹಲವು ಹೀಗೆ ಕೊಬ್ಬು ಕರಗಿದ ಮೇಲೆ ಕಣ್ಣಿಗೆ ಬಿದ್ದವು. ಗ್ರೇಡಿಗೆ ‘ದರ್ಜೆ’, ಸ್ಟೇಜಿಗೆ ‘ಹಂತ’. ಎರಡನ್ನೂ ಬೆರೆಸಬೇಡಿ.

‘ಗಡಸುತನ’ವೂ ಸಿರೋಸಿಸ್‌ಗೆ ಸಮವಲ್ಲ. ಫೈಬ್ರೋಸ್ಕ್ಯಾನ್ ಯಂತ್ರ ಅಳೆಯುವುದೇ ಗಡಸನ್ನು, ಕಿಲೋಪ್ಯಾಸ್ಕಲ್‌ಗಳಲ್ಲಿ. ಎಫ್2, ಎಫ್3ರಲ್ಲೂ ಅದು ಏರುತ್ತದೆ. ಸಿರೋಸಿಸ್‌ನಲ್ಲಿ ನಾರಿನ ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಅಂಗದ ರಚನೆಯೇ ಬದಲಾಗಿರುತ್ತದೆ.

ಎಸ್.ಆರ್. ಬರೆದದ್ದು:

ಹಾಗಿದ್ದರೆ ‘ಸಿರೋಸಿಸ್’ ಎಂಬುದರಲ್ಲಿ ಮಾತ್ರ ಈ ರಚನೆ ಎಲ್ಲಿದೆ? 1819ರಲ್ಲಿ ಫ್ರೆಂಚ್ ವೈದ್ಯ ಲೆನೆಕ್ ಆ ಹೆಸರಿಟ್ಟದ್ದು ಗ್ರೀಕಿನ ‘ಕಿರ್ರೋಸ್’ನಿಂದ, ಕಂದು ಬೆರೆತ ಹಳದಿ ಬಣ್ಣವನ್ನು ಕಂಡು. ಬಣ್ಣದ ಹೆಸರನ್ನು ಜಗತ್ತೇ ಒಪ್ಪಿದೆ. ನಮ್ಮ ಪದದ ವಿಷಯ ಬಂದಾಗ ಮಾತ್ರ ಅದು ಇಡೀ ರೋಗವನ್ನು ವಿವರಿಸಬೇಕೆಂಬ ಹಟ ಸಲ್ಲದು.

ಜಿ.ಎಚ್. ಬರೆದದ್ದು:

ಅದೇ ವಾದ ‘ಲಿವರ್’ಗೂ ಸಲ್ಲುತ್ತದೆ, ರಾಯರೆ. ರೋಗಿಯ ಕೈಯಲ್ಲಿರುವ ಚೀಟಿಯಲ್ಲಿ ‘ಫ್ಯಾಟಿ ಲಿವರ್’ ಎಂದಿದೆ, ಮಾಂಸದಂಗಡಿಯಲ್ಲೂ ಲಿವರ್ ಕೊಡಿ ಎಂದೇ ಕೇಳುತ್ತಾರೆ. ಪಠ್ಯಪುಸ್ತಕದ ‘ಪಿತ್ತಜನಕಾಂಗ’ವನ್ನು ಪಿತ್ತಕೋಶ ಎಂದು ತಿಳಿದು ಕಲ್ಲಿನ ತೊಂದರೆ ಇದ್ದವರೂ ಅದೇ ಸಾಲಿಗೆ ಬಂದು ನಿಲ್ಲುತ್ತಾರೆ. ‘ಫ್ಯಾಟಿ ಲಿವರ್’ ಎಂದೇ ಬರೆಯಿರಿ.

ಬಿ.ಕೆ. ಬರೆದದ್ದು:

ಹೀಗೆ ಒಂದೊಂದೇ ಬಿಟ್ಟುಕೊಡುತ್ತಾ ಹೋದರೆ ನಾಳೆ ಹೊಟ್ಟೆಗೂ ‘ಸ್ಟಮಕ್’ ಅಂತೀರಿ. ಸಂಸ್ಕ್ರುತದ ಎರವಲಿಗೂ ಇಂಗ್ಲಿಶಿನ ಎರವಲಿಗೂ ನನಗೆ ಬೇರೆ ಕಾಣುವುದಿಲ್ಲ. ಬಳಸಿದರೆ ತಾನೇ ಪದ ಬಳಕೆಗೆ ಬರೋದು? ತಮಿಳರು ‘ಕಲ್ಲೀರಲ್’ ಅಂತ ಆಸ್ಪತ್ರೆಯಲ್ಲೇ ಬರೆಯುತ್ತಾರೆ.

ಜಿ.ಎಚ್. ಬರೆದದ್ದು:

ತಮಿಳಿನಲ್ಲಿ ಈರಲ್ ಬಾಯಿಮಾತಿನಲ್ಲಿ ಉಳಿದಿದೆ. ಈಲಿ ಕನ್ನಡದಲ್ಲಿ ನಿಘಂಟಿನಲ್ಲಿದೆ. ಆಸ್ಪತ್ರೆಯ ಬಾಗಿಲು ಪದ ಕಲಿಸುವ ಜಾಗವಲ್ಲ.

ವಿ.ಎಂ. ಬರೆದದ್ದು:

ಲಿವರ್ ಎಂದೇ ಇಟ್ಟುಕೊಳ್ಳುತ್ತೇನೆ. ಆದರೆ ‘ಮೆಟಬಾಲಿಕ್’ಗೆ ಏನು? ‘ಕುಡಿತದಿಂದಲ್ಲದ’ ಎಂಬ ಹಳೆಯ ಹೆಸರೇ ಸುಲಭವಾಗಿತ್ತಲ್ಲವೆ?

ಡಾ. ಎನ್. ಬರೆದದ್ದು:

ಸುಲಭವಿತ್ತು, ಆದರೆ ಅದು ಏನಲ್ಲ ಎಂದು ಹೇಳುತ್ತಿತ್ತೇ ಹೊರತು ಏನು ಎಂದು ಹೇಳುತ್ತಿರಲಿಲ್ಲ. ‘ಫ್ಯಾಟಿ’ ಎಂಬುದು ರೋಗಿಯನ್ನು ಹೀಗಳೆಯುತ್ತದೆ ಎಂಬುದೂ ಹೆಸರು ಬದಲಿಸಲು ಒಂದು ಕಾರಣ, ಎಸ್.ಆರ್. ಅವರು ಕೊಬ್ಬಿನ ಬಗ್ಗೆ ಎತ್ತಿದ್ದೂ ಅದೇ ಆಕ್ಷೇಪ, ಅದು ಸರಿಯಾಗಿದೆ. ‘ಕೊಬ್ಬು ತುಂಬಿದ ಲಿವರ್’ ಎಂದರೆ ಆ ಕುತ್ತು ತಪ್ಪುತ್ತದೆ.

‘ಚಯಾಪಚಯ’ ವಿಜ್ಞಾನ ಓದಿದವರಿಗೆ ಸರಿ, ಫಲಕಕ್ಕೆ ಭಾರ. ಕರಪತ್ರದಲ್ಲಿ ಆ ಪದದ ಬದಲು ಐದು ಅಂಶಗಳನ್ನೇ ಬರೆಯಿರಿ. ಲಿವರ್‌ನಲ್ಲಿ ಕೊಬ್ಬಿದ್ದು ಇವುಗಳಲ್ಲಿ ಒಂದಿದ್ದರೂ ಈ ಹೆಸರು ಅನ್ವಯಿಸುತ್ತದೆ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ನಮ್ಮವರಿಗೆ 23 ಅಥವಾ ಹೆಚ್ಚು, ಇಲ್ಲವೇ ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿರುವುದು. ಖಾಲಿ ಹೊಟ್ಟೆಯ ಸಕ್ಕರೆ 100 ಮಿಲಿಗ್ರಾಂ ಅಥವಾ ಮೇಲೆ, ಇಲ್ಲವೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ) ಶೇ. 5.7 ಅಥವಾ ಮೇಲೆ. ಬಿಪಿ 130/85 ಅಥವಾ ಮೇಲೆ. ರಕ್ತದಲ್ಲಿನ ಕೊಬ್ಬು, ಟ್ರೈಗ್ಲಿಸರೈಡ್ 150 ಅಥವಾ ಮೇಲೆ. ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50, ಅಥವಾ ಅದಕ್ಕಿಂತ ಕಡಿಮೆ. ಸಕ್ಕರೆಗೋ ಬಿಪಿಗೋ ಆಗಲೇ ಮಾತ್ರೆ ನುಂಗುತ್ತಿರುವವರೂ ಲೆಕ್ಕಕ್ಕೆ ಸೇರುತ್ತಾರೆ.

‘ಎಣ್ಣೆ ತಿಂದರೆ ಲಿವರ್‌ಗೆ ಕೊಬ್ಬು’ ಎಂಬ ಅರ್ಥ ಬರುವ ವಾಕ್ಯ ಬೇಡವೇ ಬೇಡ. ಲಿವರ್‌ನಲ್ಲಿ ಸೇರಿದ ಕೊಬ್ಬಿನ ಮೂಲವನ್ನು ಐಸೊಟೋಪ್ ಗುರುತು ಹಾಕಿ ಅಳೆದ 2005ರ ಅಧ್ಯಯನದಲ್ಲಿ ಶೇ. 59 ಮೈಯ ಕೊಬ್ಬಿನಿಂದ ರಕ್ತಕ್ಕೆ ಇಳಿದು ಬಂದದ್ದು, ಶೇ. 26 ಲಿವರ್ ತಾನೇ ತಯಾರಿಸಿದ್ದು, ಊಟದ ಕೊಬ್ಬಿನದು ಶೇ. 15 ಮಾತ್ರ. ಇನ್ಸುಲಿನ್ ಹೇಳಿದ್ದನ್ನು ಮೈ ಕೇಳದಿದ್ದಾಗ ಶೇಖರಣೆಯ ಕೊಬ್ಬು ನಿಲ್ಲದೆ ಸೋರುತ್ತದೆ. ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬಾಗಿಸುತ್ತದೆ. ಕೋಶಗಳು ಊದಿಕೊಂಡು ಸಾಯತೊಡಗಿದಾಗ ಪಕ್ಕದ ನಕ್ಷತ್ರ ಕೋಶಗಳು (ಸ್ಟೆಲ್ಲೇಟ್ ಸೆಲ್) ಕೊಲಾಜೆನ್ ನಾರು ಸುರಿಯುತ್ತವೆ. ಸಿರೋಸಿಸ್‌ನ ದಾರಿ ಅದು. ಅಲ್ಲಿಗೆ ತಲುಪುವವರು ಕೆಲವರು ಮಾತ್ರ ಎಂಬುದನ್ನೂ ಬರೆಯಿರಿ.

ಜೊತೆಗೆ ಇದನ್ನೂ ಹಾಕಿ: ತೂಕದಲ್ಲಿ ಶೇ. 3ರಿಂದ 5 ಇಳಿದರೆ ಕೊಬ್ಬು ಕರಗತೊಡಗುತ್ತದೆ, 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ, 10 ಮೀರಿದರೆ ನಾರೂ ಕಡಿಮೆಯಾಗಬಹುದು. ಶೇ. 10 ಎಂದರೆ 80 ಕಿಲೋ ಇರುವವರಿಗೆ 8 ಕಿಲೋ ಎಂದು ಉದಾಹರಣೆ ಕೊಡಿ, ಶೇಕಡಾ ಲೆಕ್ಕ ಅನೇಕರಿಗೆ ಹತ್ತುವುದಿಲ್ಲ.

ಜಿ.ಎಚ್. ಬರೆದದ್ದು:

ಕುಡಿಯುವವರ ಸಾಲು ಪೂರ್ತಿ ತೆಗೆಯುವುದೆ?

ಡಾ. ಎನ್. ಬರೆದದ್ದು:

ತೆಗೆಯಬೇಡಿ. ಈ ಅಂಶಗಳೂ ಕುಡಿತವೂ ಎರಡೂ ಕೂಡಿರುವವರಿಗೆ ಹೊಸ ಹೆಸರುಗಳ ಪಟ್ಟಿಯಲ್ಲಿ ಬೇರೆ ಗುಂಪಿದೆ: ವಾರಕ್ಕೆ ಗಂಡಸರಿಗೆ 210ರಿಂದ 420, ಹೆಂಗಸರಿಗೆ 140ರಿಂದ 350 ಗ್ರಾಂ ಮದ್ಯಸಾರ. ಗ್ರಾಂ ಎಂದರೆ ಯಾರಿಗೂ ತಿಳಿಯದು. ನಮ್ಮ ಶೇ. 42.8ರ ವಿಸ್ಕಿ, ಬ್ರಾಂದಿಯ 180 ಎಂಎಲ್ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ. ಗಂಡಸರಿಗೆ ವಾರಕ್ಕೆ ಮೂರೂವರೆ ಕ್ವಾರ್ಟರ್ ಆದರೆ ಆ ಗುಂಪು ಶುರು. ಆದರೆ ಅದಕ್ಕಿಂತ ಕಡಿಮೆ ಕುಡಿದರೆ ಕ್ಷೇಮ ಎಂದು ಓದಿಕೊಳ್ಳದಂತೆ ಬರೆಯಿರಿ.

ವಿ.ಎಂ. ಬರೆದದ್ದು:

ಫಲಕ: ‘ಫ್ಯಾಟಿ ಲಿವರ್ ತಪಾಸಣೆ’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಕುಡಿಯದವರಿಗೂ ಲಿವರ್‌ನಲ್ಲಿ ಕೊಬ್ಬು ತುಂಬಬಹುದು. ಸಕ್ಕರೆ ಕಾಯಿಲೆ, ಬಿಪಿ, ದಪ್ಪ ಸೊಂಟ ಇದ್ದವರು ತೋರಿಸಿಕೊಳ್ಳಿ.’ ಕರಪತ್ರದಲ್ಲಿ ಸಿರೋಸಿಸ್ ಮೊದಲ ಸಲ ಬಂದಾಗ ‘ಲಿವರ್ ನಾರುಗಟ್ಟಿ ಕೆಲಸ ಕೆಡುವುದು’ ಎಂದು ಜೊತೆಗಿಡುತ್ತೇನೆ.

ಎಸ್.ಆರ್. ಬರೆದದ್ದು:

ನಾರುಗಟ್ಟುವುದು ಒಳ್ಳೆಯ ಕ್ರಿಯಾಪದ. ‘ಲಿವರ್’ಗೆ ನನ್ನ ಸಮ್ಮತಿಯಿಲ್ಲ, ದಾಖಲಿಸಿಕೊಳ್ಳಿ.

ಡಾ. ಎನ್. ಬರೆದದ್ದು:

ಒಂದು ತಿದ್ದುಪಡಿ. ‘ಸೊಂಟ’ ಬೇಡ, ಅಳತೆ ತಪ್ಪುತ್ತದೆ. ಹೊಟ್ಟೆ ಮುಂದೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಸೊಂಟ ಎಂದರೆ ಟೇಪನ್ನೂ ಅಲ್ಲೇ ಸುತ್ತಿ ನಿಜಕ್ಕಿಂತ ಕಡಿಮೆ ಅಳತೆ ಬರೆದುಕೊಂಡು ಹೋಗುತ್ತಾರೆ. ‘ಹೊಟ್ಟೆಯ ಸುತ್ತಳತೆ’ ಎನ್ನಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟಾಗ, ಟೇಪನ್ನು ಬಿಗಿಯದೆ ಅಳೆಯಬೇಕು ಎಂದು ಚಿತ್ರದ ಪಕ್ಕದಲ್ಲೇ ಹಾಕಿ.