ಬಿಳಿ ಚುಕ್ಕೆ ಹೋಗಿ ಮತ್ತೆ ಬಂತು: ಮದ್ದು ಡೂಪ್ಲಿಕೇಟಾ?

ಪ್ರಶ್ನೆ:
ಬೆಂಗಳೂರಿನ ಮನೆ, 60 ಲೀಟರ್ ಮೀನಿನ ಟ್ಯಾಂಕ್. ಮೊಲ್ಲಿ, ಗಪ್ಪಿ ಇವೆ. ಗಿಡ ಇಲ್ಲ, ಹೀಟರ್ ಇಲ್ಲ. ಹೊಸ ಮೊಲ್ಲಿ ತಂದು ಬಿಟ್ಟ ಮೇಲೆ ಎಲ್ಲಕ್ಕೂ ಬಿಳಿ ಚುಕ್ಕೆ ಬಂತು. ಅಂಗಡಿಯವರು ಕೊಟ್ಟ ನೀಲಿ ಮದ್ದು ಹಾಕಿದೆ. ಚುಕ್ಕೆ ಪೂರ್ತಿ ಹೋಯಿತು, ಮದ್ದು ನಿಲ್ಲಿಸಿದೆ. ಈಗ ಮೊದಲಿಗಿಂತ ಜಾಸ್ತಿ ಆಗಿದೆ. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿವೆ. ಮದ್ದು ಡೂಪ್ಲಿಕೇಟ್ ಇರಬಹುದಾ?

ಉತ್ತರ:
ಮದ್ದಿನ ವಿಷಯ ಆಮೇಲೆ. ಮೊದಲು ಲೈಟ್ ಆರಿಸಿ ಮೀನಿನ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಉಪ್ಪಿನ ಹರಳಿನಂಥ ಬಿಡಿಬಿಡಿ ಚುಕ್ಕೆ ಕಂಡರೆ ವೈಟ್ ಸ್ಪಾಟ್ ರೋಗ, ಅಂದರೆ ಇಕ್. ಹೊಂಬಣ್ಣದ ನವಿರು ಪುಡಿ ಕಂಡರೆ ವೆಲ್ವೆಟ್ ಎಂಬ ಇನ್ನೊಂದು ರೋಗ. ಅದರ ಚಿಕಿತ್ಸೆ ಬೇರೆ, ಹಾಗಿದ್ದರೆ ಇಲ್ಲೇ ತಿಳಿಸಿ.

ನೀವು ಹೇಳಿದ್ದು ನೋಡಿದರೆ ಇಕ್ ಅನ್ನಿಸುತ್ತದೆ. ಕಣ್ಣಿಗೆ ಕಾಣುವ ಚುಕ್ಕೆ ಮೀನಿನ ಚರ್ಮದೊಳಗೆ ಕೂತು ಬೆಳೆಯುವ ಪರಾವಲಂಬಿ. ಅಲ್ಲಿಗೆ ಮದ್ದು ಮುಟ್ಟುವುದಿಲ್ಲ. ಬಲಿತ ಮೇಲೆ ಅದು ತಾನಾಗಿಯೇ ಉದುರಿ ತಳದ ಕಲ್ಲಿಗೆ ಅಂಟುತ್ತದೆ, ಸುತ್ತ ಕೋಶ ಕಟ್ಟಿಕೊಂಡು ಒಂದು ನೂರಾರು ಮರಿಯಾಗುತ್ತದೆ. ಕೋಶಕ್ಕೂ ಮದ್ದು ನಾಟುವುದಿಲ್ಲ. ಮರಿಗಳು ಹೊರಬಂದು ಮೀನು ಹುಡುಕುತ್ತಾ ಈಜಾಡುವಾಗ ಮಾತ್ರ ನಮ್ಮ ಕೈಗೆ ಸಿಗುತ್ತವೆ. ನಿಮ್ಮ ಮೀನಿನ ಚುಕ್ಕೆ ಉದುರಿದ್ದು ಅದರ ಹೊತ್ತಿಗೆ. ಮರಿ ಹೊರಬಂದಾಗ ನೀರಲ್ಲಿ ಮದ್ದೇ ಇರಲಿಲ್ಲ, ಅಲ್ವಾ?

ಹೀಟರ್ ತನ್ನಿ. ಬೆಂಗಳೂರಿನ ಚಳಿಗಾಲಕ್ಕೂ ಅದು ಬೇಕೇ ಬೇಕು. ನಿಧಾನವಾಗಿ, ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಏರದಂತೆ, 30 ಡಿಗ್ರಿಗೆ ತನ್ನಿ. ತಣ್ಣಗಿನ ನೀರಲ್ಲಿ ಈ ಚಕ್ರ ವಾರಗಟ್ಟಲೆ ಎಳೆಯುತ್ತದೆ, ಬೆಚ್ಚಗಿದ್ದರೆ ಬೇಗ ತಿರುಗುತ್ತದೆ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಮ್ಮಿ, ಏರ್ ಪಂಪ್ ಹಗಲೂ ರಾತ್ರಿ ಓಡಲಿ.

ಜೊತೆಗೆ ಲೀಟರಿಗೆ 2 ಗ್ರಾಂ, ಅಂದರೆ 120 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು. ಬಕೆಟ್ ನೀರಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಹಾಕಿ. ಮೊಲ್ಲಿ, ಗಪ್ಪಿಗೆ ಇಷ್ಟು ಉಪ್ಪು ಏನೂ ಅಲ್ಲ. ದಿನ ಬಿಟ್ಟು ದಿನ ಕಲ್ಲಿನ ನಡುವೆ ಸೈಫನ್ ಹಾಕಿ ಕಾಲು ಭಾಗ ನೀರು ತೆಗೆಯಿರಿ. ಹೊಸದಾಗಿ ಹಾಕುವ ನೀರಿಗಷ್ಟೇ ಮತ್ತೆ ಉಪ್ಪು. ಕೊನೆಯ ಚುಕ್ಕೆ ಹೋದ ಮೇಲೂ ಹತ್ತು ದಿನ ಇದನ್ನೇ ಮುಂದುವರಿಸಿ.

ನೀಲಿ ಮದ್ದು ಮಿಥಿಲೀನ್ ಬ್ಲೂ ಆಗಿದ್ದರೆ ಟ್ಯಾಂಕಿಗೆ ಬೇಡ. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಪೆಟ್ಟು, ಸಿಲಿಕೋನ್ ಕೂಡ ನೀಲಿ.

ಪ್ರಶ್ನೆ:
ಧನ್ಯವಾದ ಸರ್. ಟಾರ್ಚ್ ಬಿಟ್ಟು ನೋಡಿದೆ, ಉಪ್ಪಿನ ಹರಳಿನ ಥರವೇ ಇದೆ. ಒಂದು ಮೊಲ್ಲಿಗೆ ತುಂಬಾ ಜಾಸ್ತಿ. ಅದನ್ನು ಬೇರೆ ಬಕೆಟ್‌ಗೆ ಹಾಕಲಾ?

ಉತ್ತರ:
ಬೇಡ. ಕೋಶಗಳು ಇರುವುದು ಟ್ಯಾಂಕಿನ ಕಲ್ಲಿನಲ್ಲಿ. ಚುಕ್ಕೆ ಕಾಣದ ಮೀನಿನ ಕಿವಿರಿನಲ್ಲೂ ಇರಬಹುದು. ಎಲ್ಲವೂ ಒಟ್ಟಿಗೇ ಇರಲಿ. ಮನೆಯಲ್ಲಿ ಇನ್ನೊಂದು ಟ್ಯಾಂಕ್ ಇದ್ದರೆ ಈ ಬಲೆ, ಸೈಫನ್ ಪೈಪ್ ಅಲ್ಲಿ ಅದ್ದಬೇಡಿ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಬಳಸಿ.