ಸಿಒ2 ಕೊಟ್ಟ ಮೇಲೆ ಅರ್ಧ ಸಾಲು ಟೊಮೆಟೊ ಹಳದಿ, ಏನು ಮಾಡಿದರೂ ಸರಿಯಾಗುತ್ತಿಲ್ಲ

ಮೊಗ್ಗುಮನೆ:
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಗಿಡ ಬೆಳೆಸುವ ಮುಚ್ಚಿದ ಟೆಂಟಿನಲ್ಲಿ ಎಂಟು ಟೊಮೆಟೊ. ಬೇಗ ಬೆಳೆಯಲಿ ಅಂತ ಸಿಲಿಂಡರ್ ಜೋಡಿಸಿ ಸಿಒ2ವನ್ನು 1000 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 1000) ಇಟ್ಟೆ. ಮೊದಲು ಸರಸರ ಬೆಳೆದವು. ಈಗ ಕೆಳಗಿನ ಎಲೆಗಳೆಲ್ಲ ಹಳದಿ. ಅದೂ ಸಾಲಿನ ಆ ತುದಿಯ ನಾಲ್ಕು ಗಿಡಗಳದ್ದು ಮಾತ್ರ. ಗೊಬ್ಬರ ಮೊದಲಿನಷ್ಟೇ ಕೊಡುತ್ತಿದ್ದೇನೆ, ಪಿಎಚ್ ಸರಿ ಇದೆ. ಫೋಟೊ ಹಾಕಿದ್ದೇನೆ.

ಎಲೆಮರೆಕಾಯಿ:
ಮೆಗ್ನೀಷಿಯಂ ಕೊರತೆ. ಎಪ್ಸಮ್ ಸಾಲ್ಟ್ ಸಿಂಪಡಿಸಿ, ಮುಗೀತು.

ಮೊಗ್ಗುಮನೆ:
ಎರಡು ಸಲ ಸಿಂಪಡಿಸಿ ಆಯ್ತು. ಏನೂ ಆಗಲಿಲ್ಲ.

ಎಲೆಮರೆಕಾಯಿ:
ಹಾಗಾದರೆ ಸಾಲಲಿಲ್ಲ. ಇನ್ನೊಂದು ಸಲ ಕೊಡಿ.

ಬೇರುಬಿಳಲು:
ಸ್ವಲ್ಪ ತಡೀರಿ. ಮೆಗ್ನೀಷಿಯಂ ಕಮ್ಮಿಯಾದರೆ ನರ ಹಸಿರಾಗೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಫೋಟೊದಲ್ಲಿ ನರವೂ ಹಳದಿ. ಸಾರಜನಕ ಸಾಲದೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತಿರುವ ಹಾಗಿದೆ.

ತಂತಿಗಾರ:
ಸಿಒ2 ಸೆನ್ಸರ್ ಯಾವುದು? ಅವಗೆಂಪು ಬೆಳಕಿನಿಂದ ಅಳೆಯುವ ತುಂಬಾ ಎನ್‌ಡಿಐಆರ್ ಸೆನ್ಸರ್‌ಗಳಲ್ಲಿ ಆಟೊ ಕ್ಯಾಲಿಬ್ರೇಷನ್ (ತಾನೇ ಅಳತೆ ಸರಿಪಡಿಸಿಕೊಳ್ಳುವುದು) ಇರುತ್ತದೆ. ವಾರದಲ್ಲಿ ಕಂಡ ಅತಿ ಕಮ್ಮಿ ರೀಡಿಂಗನ್ನೇ ಹೊರಗಿನ ಗಾಳಿಯ 400 ಅಂದುಕೊಳ್ಳುತ್ತವೆ. ಮುಚ್ಚಿದ ಟೆಂಟ್ ಅಷ್ಟಕ್ಕೆ ಇಳಿಯುವುದೇ ಇಲ್ಲ ಅಲ್ವಾ? ಅದು 1000 ಅಂದಾಗ ಒಳಗೆ 1500 ಇದ್ದರೂ ಇರಬಹುದು. ಮೊದಲು ಆ ಆಟೊ ಕ್ಯಾಲಿಬ್ರೇಷನ್ ಆಫ್ ಮಾಡಿ.

ಎಲೆಮರೆಕಾಯಿ:
ಹೊರಗಿನ ಗಾಳಿಯೇ 420 ದಾಟಿದೆ. ಇನ್ನೂ 400 ಅಂತಿದ್ದೀರಿ.

ತಂತಿಗಾರ:
ಅಂತಿರೋದು ನಾನಲ್ಲ, ಸೆನ್ಸರ್. ನನ್ನ ಟೆಂಟಿನಲ್ಲಿ ಎರಡಿವೆ, ಒಂದು ಗಿಡದ ತಲೆ ಮಟ್ಟಕ್ಕೆ, ಒಂದು ಬುಡಕ್ಕೆ. ಮೂರು ಫ್ಯಾನ್. ನಿಮಿಷಕ್ಕೊಂದು ರೀಡಿಂಗ್ ದಾಖಲಾಗುತ್ತದೆ. ಗ್ರಾಫ್ ಹಾಕಲಾ?

ಬೇರುಬಿಳಲು:
ಬೇಡ ಮಾರಾಯ್ರೇ. ಮೊಗ್ಗುಮನೆಯವರೇ, ನೀರು ಹೇಗೆ ಕೊಡುತ್ತೀರಿ?

ಮೊಗ್ಗುಮನೆ:
ಡ್ರಿಪ್. ಮಣ್ಣು ಒಣಗಿದೆ ಅಂತ ಪ್ರೋಬ್ ಹೇಳಿದಾಗ ತಾನೇ ಆನ್ ಆಗುತ್ತದೆ. ಗೊಬ್ಬರವೂ ಅದೇ ಟ್ಯಾಂಕಿನಲ್ಲಿ. ಎಲ್ಲರೂ ಹೀಗೇ ತಾನೆ?

ಬೇರುಬಿಳಲು:
ಇದನ್ನು ಮೊದಲೇ ಹೇಳಬಾರದಿತ್ತಾ! ಸಿಒ2 ಜಾಸ್ತಿಯಾದರೆ ಪತ್ರರಂಧ್ರಗಳು ಕಿರಿದಾಗುತ್ತವೆ, ಗಿಡ ನೀರು ಕಮ್ಮಿ ಕುಡಿಯುತ್ತದೆ. ಮಣ್ಣು ಬೇಗ ಒಣಗುವುದಿಲ್ಲ, ಡ್ರಿಪ್ ಓಡುವುದಿಲ್ಲ, ಗೊಬ್ಬರವೂ ಬರುವುದಿಲ್ಲ. ನೈಟ್ರೇಟ್ ಬೇರಿನ ಹತ್ತಿರ ಬರುವುದೇ ಹೆಚ್ಚಾಗಿ ನೀರಿನ ಜೊತೆ. ಗಿಡ ಮಾತ್ರ ಮೊದಲಿಗಿಂತ ಜೋರಾಗಿ ಬೆಳೆಯುತ್ತಿದೆ, ಇರುವ ಸಾರಜನಕವನ್ನು ಅಷ್ಟೂ ಎಲೆಗೆ ಹಂಚಬೇಕು. ಬಯಲಲ್ಲಿ ಗೋಧಿಗೆ ಸಿಒ2 ಕೊಟ್ಟು ನೋಡಿದವರಿಗೂ ಹೀಗೇ ಆಯಿತು. 2014ರಲ್ಲಿ ಬಂದ ವರದಿ ಪ್ರಕಾರ 550 ಪಿಪಿಎಂ ಆಸುಪಾಸಿಗೇ ಕಾಳಿನ ಸತು ಶೇ 9ರಷ್ಟು ಇಳಿದಿತ್ತು, ಪ್ರೋಟೀನೂ ಇಳಿದಿತ್ತು. ನಿಮ್ಮದು 1000.

ತಂತಿಗಾರ:
ಅಥವಾ 1500.

ಎಲೆಮರೆಕಾಯಿ:
ಹಾಗಿದ್ದರೆ ಎಂಟೂ ಗಿಡ ಹಳದಿಯಾಗಬೇಕಿತ್ತಲ್ಲ? ಆ ತುದಿ ಮಾತ್ರ ಯಾಕೆ? ಮೆಗ್ನೀಷಿಯಂ.

ಬೇರುಬಿಳಲು:
ಎರಡೂ ತುದಿಯ ಡ್ರಿಪ್ಪರ್ ಕೆಳಗೆ ಒಂದೊಂದು ಲೋಟ ಇಟ್ಟು ನೋಡಿ.

ಮೊಗ್ಗುಮನೆ (ಎರಡು ದಿನ ಬಿಟ್ಟು):
ಇಟ್ಟೆ. ಟ್ಯಾಂಕ್ ಪಕ್ಕದ ಲೋಟ ಮುಕ್ಕಾಲು ತುಂಬಿತು. ಆ ತುದಿಯದರಲ್ಲಿ ತಳ ಮುಚ್ಚುವಷ್ಟೂ ಇಲ್ಲ. ಪೈಪಿನ ಗಾಳಿ ಬುಸ್ ಅಂತ ಹೋಗಿ ನೀರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೋಟರ್ ಆಫ್. ಮೊದಲು ಹತ್ತು ನಿಮಿಷ ಓಡುತ್ತಿದ್ದದ್ದು ಈಗ ಎರಡೇ ನಿಮಿಷ. ಪ್ರೋಬ್ ಇರುವುದೂ ಟ್ಯಾಂಕ್ ಪಕ್ಕದಲ್ಲೇ. ಮಣ್ಣಿನ ಇಸಿ (ಕರಗಿದ ಗೊಬ್ಬರದ ಉಪ್ಪಿನ ಅಳತೆ) ಈ ಕಡೆ 2.3, ಆ ಕಡೆ 0.6. ಆ ನಾಲ್ಕು ಬಾಡಿದಾಗೆಲ್ಲ ನಾನೇ ಚೊಂಬಿನಲ್ಲಿ ನೀರು ಹಾಕುತ್ತಿದ್ದೆ.

ಬೇರುಬಿಳಲು:
ಬರೀ ನೀರಾ?

ಮೊಗ್ಗುಮನೆ:
ಬರೀ ನೀರು.

ಬೇರುಬಿಳಲು:
ಇದ್ದಬದ್ದ ನೈಟ್ರೇಟನ್ನೂ ತೊಳೆದು ಕಳಿಸಿದ್ದೀರಿ. ಆ ನಾಲ್ಕಕ್ಕೆ ಗೊಬ್ಬರದ ನೀರನ್ನೇ ಕೈಯಲ್ಲಿ ಕೊಡಿ. ಟ್ಯಾಂಕಿನ ಗೊಬ್ಬರದ ನೀರನ್ನು ಗಟ್ಟಿ ಮಾಡಬೇಡಿ, ಈ ಕಡೆ ಉಪ್ಪು ಕೂರುತ್ತದೆ. ಎರಡೆರಡು ನಿಮಿಷ ನಾಲ್ಕು ಸಲ ಓಡಿಸುವ ಬದಲು ಎಂಟು ನಿಮಿಷ ಒಂದೇ ಸಲ ಓಡಿಸಿ.

ಮೊಗ್ಗುಮನೆ (ಹತ್ತು ದಿನ ಬಿಟ್ಟು):
ಹಳದಿ ಎಲೆ ಹಸಿರಾಗಲಿಲ್ಲ, ಕಿತ್ತು ಹಾಕಿದೆ. ಆದರೆ ಮೇಲಿನ ಎಲೆಗಳಿಗೆ ಹತ್ತುವುದು ನಿಂತಿದೆ.

ಎಲೆಮರೆಕಾಯಿ:
ಎಪ್ಸಮ್ ಸಾಲ್ಟ್ ಮೂರನೇ ಸಲ ಕೊಟ್ಟಿರಾ?

ತಂತಿಗಾರ:
ಸೆನ್ಸರ್ ಹೊರಗಿಟ್ಟು ನೋಡಿದ್ರಾ ಇಲ್ವಾ, ಅದು ಹೇಳಿ.