ಅಡೆಸಾನ್ಯ ಶೈಲಿಯನ್ನು ಹುಡುಗರಿಗೆ ಕಲಿಸಬಹುದೇ?

ಹಾಸನ ಕೋಚ್: ಹಾಸನದಲ್ಲಿ ಸಂಜೆ ಹೊತ್ತು ಹುಡುಗರಿಗೆ ಕಿಕ್‌ಬಾಕ್ಸಿಂಗ್ ಹೇಳಿಕೊಡುತ್ತೇನೆ. ಇತ್ತೀಚೆಗೆ ಹಲವರು ಕೈ ಇಳಿಬಿಟ್ಟು, ಸೊಂಟದಿಂದ ಹಿಂದಕ್ಕೆ ಬಾಗಿ ಹೊಡೆತ ತಪ್ಪಿಸಲು ನೋಡುತ್ತಾರೆ. ಏಕೆಂದು ಕೇಳಿದರೆ ಬರುವ ಹೆಸರು ಇಸ್ರೇಲ್ ಅಡೆಸಾನ್ಯ. ನೈಜೀರಿಯಾದಲ್ಲಿ ಹುಟ್ಟಿ ನ್ಯೂಜಿಲೆಂಡ್‌ನಲ್ಲಿ ನೆಲೆನಿಂತ ಇವರು, ಗುದ್ದು, ಒದೆತ, ಕುಸ್ತಿ ಎಲ್ಲ ಸಲ್ಲುವ ಯುಎಫ್‌ಸಿ ಎಂಬ ಸ್ಪರ್ಧೆಯ ಮಿಡಲ್‌ವೇಟ್ ಪಟ್ಟವನ್ನು ಎರಡು ಬಾರಿ ಏರಿದವರು. ದೊಡ್ಡ ಆಟಗಾರ, ಒಪ್ಪುತ್ತೇನೆ. ಆದರೆ ಕಲಿಯುವವರಿಗೆ ಇದು ಮಾದರಿಯೇ?

ಗರಡಿ ಹುಡುಗ: ಖಂಡಿತ ಅಲ್ಲ ಸರ್. ಕುಸ್ತಿ ಕಲಿತವನಾಗಿ ಹೇಳುತ್ತೇನೆ, ಅವರನ್ನು ಕೆಡವಿದರೆ ಅರ್ಧ ಆಟ ಮುಗಿಯಿತು. 2021ರಲ್ಲಿ ಬ್ಲಾಹೋವಿಚ್ ಕೊನೆಯ ಎರಡು ಸುತ್ತುಗಳಲ್ಲಿ ನೆಲಕ್ಕೆ ಒತ್ತಿ ಹಿಡಿದು ಗೆದ್ದರು. 2024ರಲ್ಲಿ ಪರ್ತ್‌ನಲ್ಲಿ ಡು ಪ್ಲೆಸಿ ನಾಲ್ಕನೇ ಸುತ್ತಿನಲ್ಲಿ ಹಿಂದಿನಿಂದ ಹಿಡಿದು ಸೋಲೊಪ್ಪಿಸಿದರು.

ಮೂಡಿಗೆರೆ: ಅಣ್ಣ, ಬ್ಲಾಹೋವಿಚ್ 93 ಕೆಜಿ ವರ್ಗದವರು. ಅಡೆಸಾನ್ಯ ತಮ್ಮ 84 ಕೆಜಿ ವರ್ಗ ಬಿಟ್ಟು ಮೇಲೆ ಹೋಗಿ ಆಡಿದ್ದು. ತಮ್ಮದೇ ವರ್ಗದಲ್ಲಿ, ಒಲಿಂಪಿಕ್ಸ್ ಕುಸ್ತಿಯಲ್ಲಿ ಬೆಳ್ಳಿ ಗೆದ್ದಿದ್ದ ಯೋಯೆಲ್ ರೊಮೆರೊ ಅವರನ್ನೂ ಅವರು ಸೋಲಿಸಿದ್ದಾರೆ. ಆ ಪಂದ್ಯ ನೋಡಲು ಬಹಳ ನೀರಸ, ಅದು ಬೇರೆ ಮಾತು.

ಸಕಲೇಶಪುರ ಕಾಫಿ: ಎಲ್ಲರೂ ಕೈಯನ್ನೇ ನೋಡುತ್ತಿದ್ದೀರಿ. ಅವರ ಬಂಡವಾಳ ಹುಸಿ ಹೊಡೆತ. ಭುಜ ಅಲುಗುತ್ತದೆ, ಮಂಡಿ ಎತ್ತಿದಂತೆ ಮಾಡುತ್ತಾರೆ, ಹೊಡೆತ ಬರುವುದಿಲ್ಲ. ಎದುರಾಳಿ ಬೆಚ್ಚಿ ಗಾರ್ಡ್ (ಮುಖ ಕಾಯುವ ಕೈ) ಎತ್ತುತ್ತಾನೋ, ಹಿಂದೆ ಸರಿಯುತ್ತಾನೋ, ನುಗ್ಗುತ್ತಾನೋ ಎಂಬುದನ್ನು ಮೊದಲ ಸುತ್ತಿನಲ್ಲೇ ಓದಿಕೊಳ್ಳುತ್ತಾರೆ. 2019ರಲ್ಲಿ ಮೆಲ್ಬರ್ನ್‌ನಲ್ಲಿ ಎದುರಾಳಿ ವಿಟಕರ್ ನುಗ್ಗುವವರೆಂದು ಗೊತ್ತಾದ ಮೇಲೆ ಅವರನ್ನು ಒಳಗೆ ಬಿಟ್ಟುಕೊಂಡು, ಹಿಂದಕ್ಕೆ ಬಾಗಿಯೇ ಬಲಗೈಯಿಂದ ಕೆಡವಿದರು. ಎರಡನೇ ಸುತ್ತಿನಲ್ಲಿ ಪಂದ್ಯ ಮುಗಿಯಿತು. ಬಾಗುವ ಮೊದಲೇ ಪಾದಗಳು ಅಂತರವನ್ನು ಅಳೆದಿರುತ್ತವೆ. ಜೊತೆಗೆ 193 ಸೆಂಟಿಮೀಟರ್ ಎತ್ತರ, 203 ಸೆಂಟಿಮೀಟರ್ ಕೈಚಾಚು. ನಮ್ಮ ಹುಡುಗರು ಪಾದದ ಕೆಲಸವನ್ನು ಬಿಟ್ಟು ಬಾಗುವುದನ್ನು ಮಾತ್ರ ಎತ್ತಿಕೊಂಡಿದ್ದಾರೆ.

ಗರಡಿ ಹುಡುಗ: ಹಾಗಾದರೆ 2023ರ ಸಿಡ್ನಿ ಪಂದ್ಯಕ್ಕೆ ಏನು ಹೇಳುತ್ತೀರಿ? ಸ್ಟ್ರಿಕ್‌ಲ್ಯಾಂಡ್ ಯಾವ ಹುಸಿಗೂ ಜಗ್ಗಲಿಲ್ಲ. ಗಾರ್ಡ್ ಬಿಡದೆ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹಾಕುತ್ತ ಮುಂದೆ ಮುಂದೆ ನಡೆದರು, ಮೊದಲ ಸುತ್ತಿನ ಕೊನೆಯಲ್ಲಿ ಕೆಡವಿದರು, ಐದು ಸುತ್ತುಗಳ ನಂತರ ತೀರ್ಪುಗಾರರೆಲ್ಲರೂ ಅವರಿಗೇ ಪಂದ್ಯ ಕೊಟ್ಟರು. ಎದುರಾಳಿ ಬೆಚ್ಚದಿದ್ದರೆ ಈ ವಿದ್ಯೆಯ ಬೆಲೆ ಎಷ್ಟು?

ಸಕಲೇಶಪುರ ಕಾಫಿ: ಒಳ್ಳೆಯ ಪ್ರಶ್ನೆ. ಹುಸಿಯ ಹಿಂದೆ ನಿಜವಾದ ಹೊಡೆತದ ಭಯ ಇರಬೇಕು. ಅಂದು ಅಡೆಸಾನ್ಯ ಹೊಡೆದದ್ದೇ ಕಡಿಮೆ, ಹಾಗಾಗಿ ಭಯ ಹುಟ್ಟಲಿಲ್ಲ.

ಚಿಕ್ಕಮಗಳೂರು ಅಕ್ಕ: ಹಳೆಯ ಎದುರಾಳಿ ಅಲೆಕ್ಸ್ ಪೆರೇರಾ ಜೊತೆಗಿನ ಪಂದ್ಯಗಳನ್ನು ಬಿಟ್ಟು ಈ ಮನುಷ್ಯನನ್ನು ಅಳೆಯಲು ಆಗುವುದಿಲ್ಲ. ಪೆರೇರಾ ಎದುರು ಅಡೆಸಾನ್ಯ ಕಿಕ್‌ಬಾಕ್ಸಿಂಗ್‌ನಲ್ಲಿ ಎರಡು ಬಾರಿ ಸೋತಿದ್ದರು, 2017ರದ್ದು ನಾಕ್‌ಔಟ್. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಾಲ್ಕು ಸುತ್ತು ಮುಗಿದಾಗ ಅಂಕಗಳಲ್ಲಿ ಮುಂದಿದ್ದರು, ಐದನೆಯದರಲ್ಲಿ ಪೆರೇರಾ ಕಣದ ಸುತ್ತಲಿನ ಬೇಲಿಗೆ ಒತ್ತಿ ಹೊಡೆದು ಪಟ್ಟ ಕಸಿದರು. ಅದೇ ಮನುಷ್ಯನ ಎದುರು ಐದು ತಿಂಗಳಲ್ಲೇ ಮತ್ತೆ ನಿಂತರು. 2023ರ ಏಪ್ರಿಲ್‌ನ ಆ ಪಂದ್ಯ ಮಯಾಮಿಯಲ್ಲಿ ಶನಿವಾರ ರಾತ್ರಿ, ನಮಗೆ ಭಾನುವಾರ ಬೆಳಿಗ್ಗೆ. ಎರಡನೇ ಸುತ್ತಿನಲ್ಲಿ ಮತ್ತೆ ಬೆನ್ನು ಬೇಲಿಗೆ, ಪೆರೇರಾ ಮತ್ತೆ ಮೈಮೇಲೆ. ಈ ಸಲ ಅಡೆಸಾನ್ಯ ಎರಡೂ ಕೈಗಳಲ್ಲಿ ತಲೆ ಮುಚ್ಚಿಕೊಂಡು ಕಾದರು. ಪೆರೇರಾ ಇನ್ನೇನು ಮುಗಿಸಿದೆ ಎಂದು ತೆರೆದುಕೊಂಡದ್ದೇ ತಡ, ಮೇಲಿನಿಂದ ಬಲಗೈ ಬಿತ್ತು, ಹಿಂದೆಯೇ ಇನ್ನೊಂದು. ಪೆರೇರಾ ಅಲ್ಲೇ ಉರುಳಿದರು. ಕೋಚ್ ಸರ್, ಅವರ ಬದುಕಿನ ದೊಡ್ಡ ಗೆಲುವು ಬಂದದ್ದು ಕೈ ಮೇಲಿದ್ದಾಗ. ಈ ತುಣುಕನ್ನು ಹುಡುಗರಿಗೆ ತೋರಿಸಿ.

ಹಾಸನ ಕೋಚ್: ತೋರಿಸುತ್ತೇನೆ ಅಕ್ಕ. ಬಾಗುವುದರಲ್ಲಿ ಇನ್ನೊಂದು ಅಪಾಯವಿದೆ: ಭಾರವೆಲ್ಲ ಹಿಂಗಾಲಿಗೆ ಹೋದರೆ ಮರುಹೊಡೆತಕ್ಕೆ ತಡವಾಗುತ್ತದೆ, ಬೇಲಿ ಹತ್ತಿರವಿದ್ದರೆ ಬಾಗಲು ಜಾಗವೇ ಇರುವುದಿಲ್ಲ. ಪೆರೇರಾ ಅಡೆಸಾನ್ಯರ ಕಾಲಿಗೆ ಒದ್ದು ಒದ್ದು ಬೇಲಿಗೆ ತಳ್ಳಿದ್ದು ಅದಕ್ಕೇ.

ಮೂಡಿಗೆರೆ: ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು ಸರ್. 2025ರಲ್ಲಿ ಇಮಾವೊವ್ ರಿಯಾದ್‌ನಲ್ಲಿ ಎರಡನೇ ಸುತ್ತಿನಲ್ಲೇ ಮುಗಿಸಿದಾಗ ಅಡೆಸಾನ್ಯರಿಗೆ 35. ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವ ಆಟಗಾರನಿಗೆ ಕಣ್ಣಿನ ವೇಗ ಕುಂದಿದರೆ ಮುಚ್ಚಿಡಲು ಜಾಗವಿಲ್ಲ.

ಗರಡಿ ಹುಡುಗ: ಶೈಲಿ ಬಗ್ಗೆ ನನ್ನ ತಕರಾರು ಹಾಗೇ ಇದೆ, ಮಯಾಮಿ ಪಂದ್ಯದ ಧೈರ್ಯದ ಬಗ್ಗೆ ಇಲ್ಲ. ಕೋಚ್ ಸರ್, ಹುಸಿ ಹೊಡೆತ ಕಲಿಸುವಾಗ ಜೊತೆಯಲ್ಲೇ ಟೇಕ್‌ಡೌನ್ (ಹಿಡಿದು ನೆಲಕ್ಕೆ ಕೆಡವುವುದು) ತಡೆಯುವುದನ್ನೂ ಕಲಿಸಿ. ನೀವು ಒಪ್ಪಿದರೆ ಭಾನುವಾರ ನಾನೇ ಬಂದು ಹುಡುಗರ ಕಾಲು ಹಿಡಿದು ನೋಡುತ್ತೇನೆ.

ಹಾಸನ ಕೋಚ್: ಬನ್ನಿ, ಬೆಳಿಗ್ಗೆ ಏಳಕ್ಕೆ. ಮ್ಯಾಟ್ ಹಾಕಿಸಿರುತ್ತೇನೆ.